ತಿರುಗಿ ಬಂದ ಅಗಸಿ ಹಿಂಡಿ

ನಮ್ಮ ಅವ್ವನಿಗೆ ಸಿಟ್ಟು ಬಂದರೆ ಮೊದಲು ಆಧಾರ್ ಕಾರ್ಡ್ ಹುಡುಕುತ್ತಾಳೆ. ಹೆಂಗಸರಿಗೆ ಬಸ್ಸಿನ ಟಿಕೆಟ್ಟು ಪುಕ್ಕಟೆಯಾದಾಗಿನಿಂದ ಅವಳ ಸಿಟ್ಟು ನಮ್ಮೂರು ಗಬ್ಬೂರಿನಲ್ಲಿ ನಿಲ್ಲುವುದನ್ನೇ ಬಿಟ್ಟಿದೆ. ಆ ದಿನ ಬೆಳಿಗ್ಗೆ ಹಾಲಿನವನಿಗಿಂತ ಮುಂಚೆ ರಾಯಚೂರಿನ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಸ್ಟೀಲಿನ ಡಬ್ಬಿ.

"ನಡಿ, ಪೋತ್ನಾಳಕ್ಕ ಹೋಗೂನು."

"ಏನಾತು ಯವ್ವಾ?"

"ನಿಮ್ಮಕ್ಕ ಹಿಂಡಿ ವಾಪಸ್ ಕಳಸ್ಯಾಳ."

ಇದೆಷ್ಟು ದೊಡ್ಡ ಸುದ್ದಿ ಎಂಬುದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಅಗಸಿ ಬೀಜ ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿದ ಚಟ್ನಿಪುಡಿಗೆ ನಮ್ಮಲ್ಲಿ ಹಿಂಡಿ ಅನ್ನುತ್ತೇವೆ. ಮದುವೆಯಾಗಿ ಹೋದ ಮಗಳ ಮನೆಗೆ ಅದು ತವರಿನಿಂದ ಡಬ್ಬಿ ತುಂಬಿ ಹೋಗಬೇಕು. ಮಗಳು ಡಬ್ಬಿಯನ್ನು ಬರಿದು ಕಳಿಸಬಾರದು, ಹಿಡಿ ಅಕ್ಕಿಯನ್ನೋ ಎರಡು ಉಂಡಿಯನ್ನೋ ಹಾಕಿ ಕಳಿಸಬೇಕು. ಆದರೆ ಹೋದ ಹಿಂಡಿಯೇ ತಿರುಗಿ ಬಂದರೆ ನಮ್ಮ ಮನೆತನದಲ್ಲಿ ಅದಕ್ಕೆ ಒಂದೇ ಅರ್ಥ: ನಿಮಗೂ ನಮಗೂ ಇನ್ನು ಮುಗಿಯಿತು. ಹಿಂದೆ ನಮ್ಮ ಸೋದರತ್ತೆಯೊಬ್ಬಳು ಬದುವಿನ ಜಗಳದಲ್ಲಿ ಹಾಗೆ ಕಳಿಸಿದ್ದಳು. ಆಮೇಲೆ ಅವಳ ಮಗನ ಮದುವೆಯ ಪೆಂಡಾಲು ನಮ್ಮ ಮನೆಯ ಎದುರಿಗೇ ಎದ್ದಿತು. ಮೈಕಿನಲ್ಲಿ ಎಲ್ಲರನ್ನೂ ಊಟಕ್ಕೆ ಕರೆಯುತ್ತಿದ್ದರೆ ನಾವು ಬಾಗಿಲು ಹಾಕಿಕೊಂಡು ಉಪ್ಪಿಟ್ಟು ತಿಂದೆವು.

ಅಕ್ಕ ಯಾಕೆ ಹೀಗೆ ಮಾಡಿದಳೆಂದು ನನಗೆ ಸ್ವಲ್ಪ ಅಂದಾಜಿತ್ತು. ನಮ್ಮ ಬೀಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿತ್ತು. ಅಗಸಿಯಲ್ಲೂ ಸೋಯಾದಲ್ಲೂ ಹೆಣ್ಣಿನ ಹಾರ್ಮೋನಿನಂಥ ಅಂಶ ಇದೆಯಂತೆ, ತಿಂದರೆ ಎದೆಗೆ ಕ್ಯಾನ್ಸರ್ ಬರುತ್ತದಂತೆ, ಕೂಡಲೇ ಎಲ್ಲರಿಗೂ ಕಳಿಸಬೇಕಂತೆ. ಕಳಿಸಿದ ಪುಣ್ಯಾತ್ಮನೇ ಅದಕ್ಕೂ ಮುಂಚೆ ಅಗಸಿ ತಿಂದರೆ ಕ್ಯಾನ್ಸರ್ ಓಡಿಹೋಗುತ್ತದೆಂದು ಕಳಿಸಿದ್ದ. ಎರಡಕ್ಕೂ ಅದೇ ಗುಲಾಬಿ ಹೂವಿನ ಫೋಟೋ. ಆಗಲೂ ಎಲ್ಲರೂ ಕೈಮುಗಿದಿದ್ದರು, ಈಗಲೂ ಮುಗಿದರು.

ನನಗೆ ಅರ್ಥವಾಗದೇ ಇದ್ದದ್ದು ಒಂದೇ. ನಮ್ಮಕ್ಕ ಯಾರ ಮಾತನ್ನೂ ಕೇಳುವವಳಲ್ಲ. ಉಪ್ಪು ಕಡಿಮೆ ಮಾಡು ಅಂದರೆ ಮೇಲೊಂದು ಚಿಟಿಕೆ ಹಾಕಿಕೊಳ್ಳುವ ಹೆಂಗಸು. ಮೊಸರನ್ನಕ್ಕೂ ಹಿಂಡಿ ಬೇಕು ಅನ್ನುವವಳು ಗುಲಾಬಿ ಹೂವಿಗೆ ಹೆದರಿ ಹಿಂಡಿ ಬಿಟ್ಟಳೆಂದರೆ ನಂಬುವುದು ಹೇಗೆ?

ಮಾನ್ವಿ ದಾಟುವವರೆಗೂ ಬಸ್ಸಿನಲ್ಲಿ ಅವ್ವ ಬಾಯಿ ಮುಚ್ಚಲಿಲ್ಲ. ಆ ಸಂದೇಶದ ಸುದ್ದಿಯನ್ನೂ ಹಾರ್ಮೋನು ಅಂದರೇನೆಂಬುದನ್ನೂ ನನಗೆ ತಿಳಿದಷ್ಟು ಹೇಳಿದೆ. ಹೇಳಬಾರದಿತ್ತು.

"ಹೆಣ್ಣಿನ ಅಂಶ ಅದ ಅಂತಾ? ನಿಮ್ಮಪ್ಪ ಜೀವಮಾನ ಪೂರ್ತಿ ತಿಂದ. ಮೀಸಿ ಉದುರಿತೇನು?"

ಮುಂದಿನ ಸೀಟಿನಲ್ಲಿದ್ದ ಗಂಡಸು ತಿರುಗಿ ನೋಡಿದ. ಅವನಿಗೂ ಒಳ್ಳೆಯ ಮೀಸೆ ಇತ್ತು. ಅವ್ವ ಅವನನ್ನೇ ಸಾಕ್ಷಿಗೆ ಕರೆದಳು.

"ಹೇಳೋ ಯಪ್ಪಾ, ನೀ ಅಗಸಿ ಹಿಂಡಿ ತಿಂತೀಯಿಲ್ಲೋ?"

"ದಿನಾ ತಿಂತೀನಿ ಯವ್ವಾ."

"ನೋಡಿದೇನು?" ಅಂದಳು ಅವ್ವ ನನಗೆ. ಆ ಮನುಷ್ಯ ಇಳಿಯುವವರೆಗೆ ಮೀಸೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಪೋತ್ನಾಳದಲ್ಲಿ ಅಕ್ಕ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವ್ವ ಕಾಲಿಗೆ ನೀರೂ ಹಾಕಿಕೊಳ್ಳದೆ ಡಬ್ಬಿಯನ್ನು ಅವಳ ಮುಂದೆ ಕುಕ್ಕಿದಳು.

"ಏನ್ ಬೇ, ತವರುಮನಿ ಸಾಕಾತೇನು ನಿನಗ?"

"ಹಂಗಲ್ಲ ಯವ್ವಾ. ಚೆಲ್ಲಾಕ ಮನಸಾಗಲಿಲ್ಲ. ನೀವರ ತಿಂತೀರಿ ಅಂತ ಕಳಿಸೀನಿ."

"ನಿನಗ ವಿಷ ಆಗಿದ್ದು ನಮಗೇನ್ ಅಮೃತ ಆಗತದೇನು?"

ಅಕ್ಕ ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕಿದಳು. ಭತ್ತದ ಗದ್ದೆಯಿಂದ ಆಗಷ್ಟೇ ಬಂದಿದ್ದ ಅವಳ ಗಂಡ ಗೊಬ್ಬರದ ಚೀಲದ ಹಿಂದೆ ಹೋಗಿ ಕೂತು, ಅದರ ಮೇಲಿನ ಅಕ್ಷರಗಳನ್ನು ಬಹಳ ಶ್ರದ್ಧೆಯಿಂದ ಓದತೊಡಗಿದ. ಅತ್ತೆಗೂ ಹೆಂಡತಿಗೂ ನಡುವೆ ಬಾಯಿ ಹಾಕಬಾರದೆಂಬಷ್ಟು ಬುದ್ಧಿ ಅವನಿಗೆ ಮದುವೆಯಾದ ವರ್ಷವೇ ಬಂದಿತ್ತು.

ಅವ್ವ ತಾನೇ ಅಡುಗೆಮನೆಗೆ ಹೋಗಿ ಜೋಳದ ರೊಟ್ಟಿ ತಂದಳು. ತುಂಡು ಮುರಿದು, ಹಿಂಡಿಗೆ ಎಣ್ಣೆ ಕಲಸಿ ತುತ್ತು ಮಾಡಿ, ಎಳೆಗೂಸಿಗೆ ಹಿಡಿದ ಹಾಗೆ ಅಕ್ಕನ ಬಾಯಿಗೆ ಹಿಡಿದಳು. "ತಿನ್ನು. ನನ್ನ ಕಣ್ಣ ಮುಂದ ತಿನ್ನು." ಅಕ್ಕ ತುಟಿ ಬಿಗಿ ಹಿಡಿದು ಮುಖ ತಿರುಗಿಸಿದಳು. ಅವ್ವ ಆ ಕಡೆ ಹೋದಳು. ಅಕ್ಕ ಈ ಕಡೆ ತಿರುಗಿದಳು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನ ಹೆಂಗಸು ಹೀಗೆ ಹಟ ಮಾಡುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಜೋರಾಗಿ ನಕ್ಕುಬಿಟ್ಟೆ.

ಅಷ್ಟರಲ್ಲಿ ಅಕ್ಕ ಅತ್ತಳು.

"ಒಲ್ಲೆ ಯವ್ವಾ. ತಿಂದ್ರ ಅದು ದೊಡ್ಡದಾಗತದ."

"ಏನು ದೊಡ್ಡದಾಗತದ?"

ಅಕ್ಕ ಸೆರಗಿನ ಮೇಲಿಂದ ಎಡಗಡೆ ಎದೆಗೆ ಕೈ ಇಟ್ಟಳು.

ಗಂಟು ಸಿಕ್ಕಿದ್ದು ನಾಟಿ ಶುರುವಾಗುವ ಮುಂಚೆಯಂತೆ, ಸ್ನಾನ ಮಾಡುವಾಗ. ಗಂಡನಿಗೂ ಹೇಳಿರಲಿಲ್ಲ. ಆಗಲೇ ಆ ಸಂದೇಶ ಬಂದಿದೆ. ಹಿಂಡಿ ಬಿಟ್ಟರೆ ಗಂಟು ತಾನೇ ಕರಗುತ್ತದೆಂದು ಅವಳು ಲೆಕ್ಕ ಹಾಕಿದ್ದಳು. "ದವಾಖಾನಿಗಿ ಹೋದ್ರ ಅದಕ್ಕೊಂದು ಹೆಸರು ಇಡ್ತಾರ. ಹಿಂಡಿ ಬಿಟ್ರ ಬರೀ ಪಥ್ಯ," ಅಂದಳು ಮೂಗು ಒರೆಸಿಕೊಳ್ಳುತ್ತಾ. ನನಗೆ ಹೆದರಿಕೆಯೂ ಆಯಿತು, ಅವಳ ಮೇಲೆ ಸಿಟ್ಟೂ ಬಂತು.

ಅವ್ವ ತುತ್ತನ್ನು ತಟ್ಟೆಯಲ್ಲಿಟ್ಟು ಕೈ ತೊಳೆದಳು. "ಬ್ಯಾರೆ ಸೀರಿ ಉಟ್ಕೋ. ರಾಯಚೂರಿಗಿ ಹೋಗೂನು." ಗೊಬ್ಬರದ ಚೀಲದ ಹಿಂದಿನಿಂದ ಅಳಿಯ ಎದ್ದು, "ಊಟ ಮಾಡ್ಕೊಂಡು ಹೋಗ್ರಿ," ಅಂದ. ಪಾಪ, ಅವನಿಗೆ ಬೇರೇನೂ ತೋಚಿರಲಿಲ್ಲ. ಅವ್ವ ನೋಡಿದ ನೋಟಕ್ಕೆ ಅವನೂ ಅಂಗಿ ಹಾಕಿಕೊಂಡು ಹೊರಟ.

ರಾಯಚೂರಿನ ದವಾಖಾನೆಯಲ್ಲಿ ಆ ದಿನ ಕಾಲಿಡಲು ಜಾಗ ಇರಲಿಲ್ಲ. ಅವ್ವ ಚಪ್ಪಲಿ, ಚೀಲ, ಅಳಿಯ ಎಲ್ಲವನ್ನೂ ಕಾಯುತ್ತಾ ಹೊರಗೇ ಕೂತಳು. ಒಳಗೆ ಡಾಕ್ಟರಮ್ಮ ಅಕ್ಕನನ್ನು ಪರೀಕ್ಷೆ ಮಾಡಿದರು. ಮನೆಯಲ್ಲಿ ಯಾರಿಗಾದರೂ ಈ ರೋಗ ಇತ್ತೇ ಎಂದು ಕೇಳಿದರು. ಇಲ್ಲವೆಂದು ನಾವಿಬ್ಬರೂ ಒಟ್ಟಿಗೆ ಹೇಳಿದೆವು. ಸೂಜಿ ಹಾಕಿ ಗಂಟಿನ ಚೂರು ತೆಗೆಯುವಾಗ ಅಕ್ಕ ಕೇಳಿದ್ದು ಹಿಂಡಿಯದೇ.

"ಅಗಸಿಯೊಳಗ ಹಾರ್ಮೋನಿನಂಥ ಅಂಶ ಇರೋದು ಖರೆ," ಅಂದರು ಡಾಕ್ಟರು. "ಆದ್ರ ಅದು ಗಿಡದ್ದು, ನಮ್ಮ ಮೈಯೊಳಗಿನದರಷ್ಟು ಜೋರಿಲ್ಲ. ಊಟದಾಗ ಹಿಂಡಿ ತಿಂದ್ರ ಕ್ಯಾನ್ಸರ್ ಬರ್ತದ ಅಂತ ಕಂಡುಬಂದಿಲ್ಲ. ಹಂಗಂತ ತಿಂದ್ರ ವಾಸಿ ಆಗತದ ಅಂತಾನೂ ಇಲ್ಲ. ಗಂಟು ಹಿಂಡಿಗಿ ಕೇಳಂಗಿಲ್ರಿ, ತೋರಿಸಬೇಕು."

ವರದಿ ಬರುವವರೆಗೆ ಅಕ್ಕ ನನ್ನ ಮನೆಯಲ್ಲೇ ಇದ್ದಳು. ಅವ್ವ ಅವಳಿಗೆ ನೀರಿನ ಕೊಡ ಎತ್ತಲೂ ಬಿಡಲಿಲ್ಲ, ಬೈಯಲಿಲ್ಲ ಕೂಡ. ಅವಳ ಬೈಗುಳವೆಲ್ಲ ನನ್ನ ಪಾಲಿಗೆ ಬಂತು. ಚಹಾ ತೆಳ್ಳಗಾಯಿತೆಂದು ಒಮ್ಮೆ, ಗಟ್ಟಿಯಾಯಿತೆಂದು ಒಮ್ಮೆ.

ವರದಿಯ ದಿನ ಅವ್ವನೂ ಸೇರಿ ಮೂವರೂ ಒಳಗೆ ಹೋದೆವು. ಕ್ಯಾನ್ಸರ್ ಅಲ್ಲ, ಸಾದಾ ಗಂಟು ಅಂದರು ಡಾಕ್ಟರು. ಅಕ್ಕ ಕುರ್ಚಿಯಲ್ಲೇ ಕೈಮುಗಿದಳು. ಡಾಕ್ಟರಿಗೋ, ಕುರ್ಚಿಗೋ, ಮೇಲೆ ತಿರುಗುತ್ತಿದ್ದ ಫ್ಯಾನಿಗೋ ಅವಳಿಗೇ ಗೊತ್ತಿರಲಿಲ್ಲ. ನಾನು ಅಳುತ್ತಾ ನಗುತ್ತಿದ್ದೆ.

"ಮನ್ಯಾಗ ಯಾರಿಗೂ ಇರಲಿಲ್ಲ ಅಂದ್ರಲ್ಲ, ಆದ್ರೂ ವರ್ಷಕ್ಕೊಮ್ಮೆ ಬಂದು ತೋರಿಸ್ರಿ," ಅಂದರು ಡಾಕ್ಟರು.

"ಇತ್ರಿ," ಅಂದಳು ಅವ್ವ.

ನಾವಿಬ್ಬರೂ ತಿರುಗಿದೆವು.

"ನಮ್ಮವ್ವಗ ಇತ್ರಿ. ನನಗೊಬ್ಬಾಕಿಗೇ ತೋರಿಸಿದ್ಲು. ಯಾರ ಮುಂದೂ ಹೇಳಬ್ಯಾಡ ಅಂದ್ಲು."

ಅಜ್ಜಿ ಜ್ವರ ಬಂದು ಹೋದಳೆಂದೇ ನಾವು ಇಷ್ಟು ವರ್ಷ ತಿಳಿದಿದ್ದೆವು. ಡಾಕ್ಟರು ಪೆನ್ನು ಕೆಳಗಿಟ್ಟರು.

"ನೀವು ಯಾವತ್ತರ ತೋರಿಸಿಕೊಂಡೀರೇನ್ರಿ?"

ಅವ್ವ ಸೆರಗನ್ನು ಎದೆಗೆ ಬಿಗಿಯಾಗಿ ಎಳೆದುಕೊಂಡು ಬಾಗಿಲ ಕಡೆ ನೋಡಿದಳು. ಅಕ್ಕ ಕುರ್ಚಿ ಬಿಟ್ಟು ಎದ್ದು, ಬಾಗಿಲಿಗೆ ಅಡ್ಡ ನಿಂತಳು.

"ಕುಂದ್ರು ಯವ್ವಾ," ಅಂದಳು.

ಅವ್ವ ಒಂದು ಮಾತೂ ಎದುರಾಡದೆ ಕೂತಳು.