ಅತ್ತೆಗೆ ದೃಷ್ಟಿ ತೆಗೆದ ಸಂಜೆ

“ಗ್ವಾಪಾ!” ಎನ್ನುತ್ತ ಆ ಸ್ಪೇನ್ ದೇಶದ ಹೆಂಗಸು ನಮ್ಮ ಅತ್ತೆಯ ಎರಡೂ ಕೆನ್ನೆ ಹಿಡಿದುಬಿಟ್ಟಳು. ಅಥಣಿಯ ನಮ್ಮ ಮನೆಗೆ ಚರ್ಮದ ಚಪ್ಪಲಿ ಹೆಣೆಯುವುದನ್ನು ನೋಡಲು ಬಂದಿದ್ದಳು. ಅತ್ತೆ ಗಾಬರಿಯಾಗಿ, ಕೈಯಲ್ಲಿದ್ದ ಹೆಣಿಗೆ ಬಿಟ್ಟು ಸೆರಗನ್ನು ಹಣೆಯವರೆಗೆ ಎಳೆದುಕೊಂಡರು.

“ಏನಂದ್ಳ ನನಗ ಆಕಿ?”

ನಾನು ಮೊಬೈಲಿನಲ್ಲಿ ಅಷ್ಟಿಷ್ಟು ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. “ಚೆಲುವಿ ಅಂದ್ಳರಿ ಅತ್ತಿ. ಗಂಡಸರಿಗಾದ್ರ ಗ್ವಾಪೋ ಅಂತಾರ. ಅವರ ದೇಶದಾಗ ಕಾಯಿಪಲ್ಲೆ ಮಾರಾಕಿನೂ ಗಿರಾಕಿಗೆ ಹಂಗ ಅಂತಾಳಂತ” ಎಂದೆ. ಕೊನೆಯ ಮಾತು ಬೇಡವಾಗಿತ್ತು ಎಂದು ನಾಲಿಗೆ ಕಚ್ಚಿಕೊಂಡೆ.

ಅತ್ತೆಗೆ ಅದೇನೂ ತಾಗಲಿಲ್ಲ. “ಯಾರಿಗರ ಅನ್ನಲಿ. ಇವತ್ತ ನನಗ ಅಂದಾಳ!”

ಸಂಜೆ ಉಪ್ಪು, ಒಣಮೆಣಸಿನಕಾಯಿ ತಂದು ನನ್ನ ಕೈಗಿಟ್ಟರು. “ನೆದರ ಆಗೈತಿ, ತಗಿ” ಎಂದು ಮದುಮಗಳ ಹಾಗೆ ಕಾಲು ಮಡಚಿ ಕುಳಿತರು. ನಾನು ದೃಷ್ಟಿ ತೆಗೆದು ಎಲ್ಲವನ್ನೂ ನೀರೊಲೆಗೆ ಹಾಕಿದೆ. ದೃಷ್ಟಿ ಜೋರಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅಂದು ಬಂದ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದೆವು. ಅತ್ತೆ ಮಾತ್ರ ಕಣ್ಣಲ್ಲಿ ನೀರು ಸುರಿಸುತ್ತ ಅಲ್ಲೇ ಕುಳಿತು, “ಒಟ್ಟ ಘಾಟ ಇಲ್ಲ ನೋಡ!” ಎಂದರು.

ಈಗ ದಿನಾ ಮುಂಜಾನೆ ಅಡುಗೆಮನೆಯಿಂದ ಅತ್ತೆಯ ಕೂಗು ಬರುತ್ತದೆ: “ಗ್ವಾಪಾ, ಚಾ ಆರಾಕತ್ತೈತಿ, ಲಗೂನ ಬಾ!” ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನಗೂ ಯಾರೂ ಹಾಗೆ ಅಂದಿರಲಿಲ್ಲ. ಅದು ಎಲ್ಲರಿಗೂ ಅನ್ನುವ ಮಾತೆಂದು ಗೊತ್ತು. ಆದರೂ ಇನ್ನೊಮ್ಮೆ ಕರೆಯಲಿ ಎಂದು ಕೇಳಿಸದವಳಂತೆ ನಿಲ್ಲುತ್ತೇನೆ.