ಟೆಲಿಸ್ಕೋಪಿನ ಕಂಬ ಕಟ್ಟಿದ ಪುಟ್ಟಮಾದು

ಹಂಗಳದ ಪುಟ್ಟಮಾದುವಿಗೆ ಐವತ್ತೆರಡು. ಮೂವತ್ತು ವರ್ಷ ಗಾರೆ ಕೆಲಸ ಮಾಡಿದ್ದರೂ ಅವನನ್ನು ಮೇಸ್ತ್ರಿ ಎಂದು ಕರೆದವರಿಲ್ಲ. ಯಾರದೋ ಕೈಕೆಳಗೇ ದುಡಿದವನು. ಈ ಸಲ ಬೇಗೂರಿನ ಸಮುದಾಯ ಭವನದ ಕೆಲಸವನ್ನು ಅವನ ಹೆಸರಿಗೇ ಕೊಡುವುದಾಗಿ ಸಮಿತಿಯ ಗಂಗಾಧರಸ್ವಾಮಿ ಹೇಳಿದ್ದರು. ಅದಕ್ಕೆ ಮೊದಲು ಸೋಮಶೇಖರ್ ಮೇಷ್ಟ್ರ ತೋಟದಲ್ಲಿ ಅವನು ಕಟ್ಟಲಿರುವ ಕಂಬ ಹೇಗೆ ಬರುತ್ತದೋ ನೋಡಬೇಕು ಎಂದಿದ್ದರು.

ಸೋಮಶೇಖರ್ ನಿವೃತ್ತ ವಿಜ್ಞಾನ ಮೇಷ್ಟ್ರು. ಟೆಲಿಸ್ಕೋಪ್ ಕೂರಿಸಲು ಅವರಿಗೆ ಎದೆಯೆತ್ತರದ ಕಾಂಕ್ರೀಟ್ ಕಂಬ ಬೇಕಿತ್ತು. ಅದರ ತಲೆಯಲ್ಲಿ ನಾಲ್ಕು ಬೋಲ್ಟು ಹುಗಿದು, ಮೇಲೆ ಟೆಲಿಸ್ಕೋಪ್ ಹೊರುವ ಮೌಂಟು ಬಿಗಿಯಬೇಕು. ಬೋಲ್ಟು ನೆಟ್ಟಗೆ ಉತ್ತರಕ್ಕಿರದಿದ್ದರೆ ಎಲ್ಲ ದಂಡ.

ಪುಟ್ಟಮಾದು ಹಿಂದಿನ ದಿನವೇ, ತನ್ನ ಅಪ್ಪ ಪಾಯ ಗುರುತಿಸುತ್ತಿದ್ದಂತೆ, ಕೋಲು ನೆಟ್ಟು ಸುತ್ತ ಚಕ್ರ ಬರೆದಿದ್ದ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ ನೆರಳಿನ ತುದಿ ಚಕ್ರ ಮುಟ್ಟಿದಲ್ಲಿ ಗೂಟ ಹೊಡೆದು ದಿಕ್ಕು ಹಿಡಿದಿದ್ದ. ಮೇಷ್ಟ್ರು ಬಂದವರೇ ಗೂಟಗಳನ್ನು ಕಾಲಿನಿಂದ ಒದ್ದರು. ಮೊಬೈಲಿನಲ್ಲಿ ದಿಕ್ಸೂಚಿ ತೆರೆದು, ಅದನ್ನು ಕಂಬದ ಕಬ್ಬಿಣದ ಸರಳುಗಳ ಮೇಲೇ ಇಟ್ಟು, "ಉತ್ತರ ಇಲ್ಲಿದೆ ನೋಡಯ್ಯ" ಎಂದರು.

"ಕಬ್ಬಿಣದ ಪಕ್ಕ ಮುಳ್ಳು ತಿರ್ಕತದ ಸಾ. ನೆಳ್ಳು ಸುಳ್ಳೇಳಲ್ಲ ಕಣಿ."

"ಎಷ್ಟನೇ ಕ್ಲಾಸು ಓದಿದ್ದೀಯ?"

"ಮೂರು ಸಾ."

"ಹಾಗಾದ್ರೆ ಬಾಯಿ ಮುಚ್ಕೊಂಡು ಕಾಂಕ್ರೀಟ್ ಸುರಿ."

ಸುರಿದ. ವಾರವಿಡೀ ನೀರುಣಿಸಿದ. ಓದಿದವರು ತಪ್ಪಲಾರರು ಎಂಬ ಹಾಳು ನಂಬಿಕೆ ಅವನಲ್ಲೂ ಇತ್ತು.

ಮೌಂಟು ಬಿಗಿದ ಸಂಜೆ ಗಂಗಾಧರಸ್ವಾಮಿಯೂ ಬಂದರು. ಧ್ರುವ ನಕ್ಷತ್ರ ಕಂಡಿತು. ಎಷ್ಟು ತಿರುಪಿದರೂ ಮೌಂಟು ಅದರತ್ತ, ಉತ್ತರಕ್ಕೆ, ಬರಲೊಲ್ಲದು. ಮೇಷ್ಟ್ರು ಮೊಬೈಲನ್ನು ಹತ್ತು ಹೆಜ್ಜೆ ದೂರ ಒಯ್ದರು. ಮುಳ್ಳು ಬೇರೆ ಕಡೆ ತಿರುಗಿತು. ಹತ್ತಿರ ತಂದರು, ಮತ್ತೆ ವಾಲಿತು. ಪುಟ್ಟಮಾದು ಅವರ ಮುಖವನ್ನೇ ನೋಡುತ್ತಿದ್ದ. ಇವರಿಗೆ ಗೊತ್ತಾಯಿತು, ಈಗ ತಪ್ಪು ಒಪ್ಪಿಕೊಳ್ಳುತ್ತಾರೆ ಎಂದುಕೊಂಡ. ಜನರ ಮನೆ ಕಟ್ಟಿಕೊಂಡೇ ಬದುಕಿದವನಿಗೆ ಜನರ ಬಗ್ಗೆ ಇಷ್ಟೂ ತಿಳಿದಿರಲಿಲ್ಲ.

ಮೇಷ್ಟ್ರು ಮೊಬೈಲನ್ನು ಜೇಬಿಗಿಳಿಸಿ, "ದಿಕ್ಕು ತೋರಿಸಿಯೇ ಕೊಟ್ಟಿದ್ದೆ ಸ್ವಾಮಿ. ಇವನಿಗೆ ಅದೂ ಹಿಡಿಯೋಕಾಗಲಿಲ್ಲ" ಎಂದರು.

ಗಂಗಾಧರಸ್ವಾಮಿ ಪುಟ್ಟಮಾದುವಿನತ್ತ ತಿರುಗಿದರು. "ಏನ್ಲಾ ಮಾದು, ಒಂದು ಕಂಬನೇ ಕೆಡಿಸ್ಬುಟ್ಟೆ. ಭವನ ಎಂಗ್ಲಾ ಕಟ್ಟೀಯೆ?"

"ಸ್ವಾಮೇರಾ, ನೆಳ್ಳು..."

ಮೇಷ್ಟ್ರು ನಕ್ಕರು. ಗಂಗಾಧರಸ್ವಾಮಿಯೂ ನಕ್ಕರು.

ಮಾರನೆಯ ದಿನ ಪುಟ್ಟಮಾದು ತಾನೇ ಕಟ್ಟಿದ ಕಂಬದ ತಲೆಯನ್ನು ಉಳಿಯಿಂದ ಒಡೆದ. ಮತ್ತೆ ನೆರಳು ಹಿಡಿದು ಬೋಲ್ಟು ಹುಗಿದ. ಮೇಷ್ಟ್ರು ಈಗ ಗೂಟದ ತಂಟೆಗೆ ಬರಲಿಲ್ಲ. ಮೌಂಟು ಕೂದಲೆಳೆಯಷ್ಟೂ ತಪ್ಪದೆ ಕೂತಿತು. ಆ ಸುದ್ದಿಯನ್ನು ಬೇಗೂರಿಗೆ ಯಾರೂ ಮುಟ್ಟಿಸಲಿಲ್ಲ.

ಭವನದ ಕೆಲಸ ಗುಂಡ್ಲುಪೇಟೆಯ ಬೇರೊಬ್ಬನ ಪಾಲಾಯಿತು. ಸೋಮವಾರ ಪುಟ್ಟಮಾದುವೂ ಅಲ್ಲಿಗೆ ಕೂಲಿಗೆ ಹೋದ, ಹೊಟ್ಟೆ ಕೇಳಬೇಕಲ್ಲ. ಅವನ ಅರ್ಧ ವಯಸ್ಸಿನ ಆ ಮೇಸ್ತ್ರಿ ಅವನ ಕೈಗೆ ಜರಡಿ ಕೊಟ್ಟು, "ಮರಳು ಸೋಸೋಗು" ಎಂದ.