ಧಾರಾಪಾತ್ರೆಯ ಕೆಳಗಿನ ಕೆಂಪು ಹುಳಗಳು

ಮೊಮ್ಮಗಳ ಮೀನಿಗೆಂದು ಇವತ್ತು ಉಡುಪಿಯ ಅಂಗಡಿಯೊಂದರಲ್ಲಿ ಹೆಪ್ಪುಗಟ್ಟಿಸಿದ ಕೆಂಪು ಹುಳಗಳ ಪ್ಯಾಕೆಟ್ ಕೈಗೆತ್ತಿಕೊಂಡೆ. ಅದಕ್ಕೆ ವಾಸನೆಯೇ ಇರಲಿಲ್ಲ. ನಾನು ಚಿಕ್ಕವಳಿದ್ದಾಗ ಅಂಬಲಪಾಡಿಯ ನಮ್ಮ ಮನೆಯ ಹುಳಗಳಿಗಿತ್ತು, ಕೆಸರಿನ ವಾಸನೆ.

ಶಾಲಾ ಮಾಸ್ಟ್ರಾಗಿದ್ದ ಅಪ್ಪ ಗಾಜಿನ ತೊಟ್ಟಿಯ ಮೀನುಗಳಿಗೆಂದು ಚರಂಡಿಯಿಂದ ಕೂದಲೆಳೆಯಂಥ ಜೀವಂತ ಹುಳಗಳನ್ನು ತರುತ್ತಿದ್ದರು. ಬಟ್ಟಲಿನಲ್ಲಿಟ್ಟು ಆಗಾಗ ನೀರು ಬದಲಿಸಬೇಕು. ಅಪ್ಪ ಶಾಲೆಗೆ ಹೋದರೆ ಸಂಜೆಯೊಳಗೆ ಎಲ್ಲ ಸತ್ತು ನಾರುತ್ತಿದ್ದವು. ನಿಲ್ಲದೆ ನೀರು ತೊಟ್ಟಿಕ್ಕಿದರೆ ಬದುಕುತ್ತವೆಯೇ? ನನಗೆ ನೋಡಲೇಬೇಕಿತ್ತು. ಅಜ್ಜ ಪೂಜೆಯಲ್ಲಿ ಶಿವಲಿಂಗದ ಮೇಲೆ ತೂಗುಹಾಕುತ್ತಿದ್ದ, ತಳದಲ್ಲಿ ತೂತಿರುವ ತಾಮ್ರದ ಧಾರಾಪಾತ್ರೆಯನ್ನು ತಂದು ಬಚ್ಚಲುಮನೆಯಲ್ಲಿ ಬಟ್ಟಲಿನ ಮೇಲೆ ಕಟ್ಟಿದೆ.

ಮಡಿಯೆಂದರೆ ಮಡಿ ಎನ್ನುವ ಅಜ್ಜ ಸಂಜೆ ಅದನ್ನು ಕಂಡರು. ನಾನು ಗಡಿಬಿಡಿಯಲ್ಲಿ ಪಾತ್ರೆ ಬಿಚ್ಚಹೋದೆ. ಅವರು ಬಗ್ಗಿ ನೋಡಿದರು.

"ಜೀವ ಉಂಟಾ?"

"ಎಲ್ಲದಕ್ಕೂ ಉಂಟು ಅಜ್ಜ."

"ಹಾಗಾದರೆ ಬಿಚ್ಚಬೇಡ ಮಾರಾಯ್ತಿ, ಸಾಯುತ್ತವೆ. ದೇವರಿಗೆ ಬೇರೆ ಪಾತ್ರೆ ತರುವ," ಎಂದವರು ಅದಕ್ಕೆ ತಾವೇ ನೀರು ತುಂಬಿದರು.

"ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಎಂತ ಸಹ ಆಗುವುದಿಲ್ಲ," ಎಂದರು ಇವತ್ತು ಉಡುಪಿಯ ಅಂಗಡಿಯವರು. ನಾನು ಪ್ಯಾಕೆಟ್ಟನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿಯೇಬಿಟ್ಟೆ:

"ಜೀವ ಉಂಟಾ?"